ಕಾರಿನ ಮೈಯಲ್ಲೊಂದು ದುಬಾರಿ ಕಿವಿ: ರೇಡಾರ್ ಶೋಧಕಗಳ ಒಂದು ವಿಮರ್ಶೆ

ಯಾವುದೇ ಅಳತೆಯ ಉಪಕರಣವನ್ನು ಕೊಳ್ಳುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಬೇಕು. ಒಂದು, ಅದು ಎಷ್ಟು ದುರ್ಬಲ ಸಂಕೇತವನ್ನು ಗುರುತಿಸಬಲ್ಲದು? ಇನ್ನೊಂದು, ತಾನು ಗುರುತಿಸಿದ್ದು ನಮಗೆ ಬೇಕಾದ ಸಂಕೇತವೇ ಅಲ್ಲವೇ ಎಂಬುದನ್ನು ಅದು ಹೇಳಬಲ್ಲದೆ? ಮೊದಲನೆಯದು ಸೂಕ್ಷ್ಮತೆಯ ಪ್ರಶ್ನೆ, ಎರಡನೆಯದು ವಿವೇಚನೆಯ ಪ್ರಶ್ನೆ. ಜಾಹೀರಾತುಗಳು ಸಾಮಾನ್ಯವಾಗಿ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತವೆ. ಹಣ ತೆತ್ತ ಮೇಲೆ ಬಳಕೆದಾರನಿಗೆ ಎರಡನೆಯದು ಎದುರಾಗುತ್ತದೆ.

ಈ ಮಾತಿಗೆ ಅಮೆರಿಕದ ಹೆದ್ದಾರಿಗಳಲ್ಲಿ ಬಳಕೆಯಲ್ಲಿರುವ ಒಂದು ಉಪಕರಣ ಬಹಳ ಒಳ್ಳೆಯ ಉದಾಹರಣೆ. ಅದೇ ರೇಡಾರ್ ಶೋಧಕ. ವಾಹನಗಳ ವೇಗ ಅಳೆಯಲು ಪೊಲೀಸರು ಹೊಮ್ಮಿಸುವ ಸೂಕ್ಷ್ಮತರಂಗಗಳನ್ನು ಮೊದಲೇ ಪತ್ತೆ ಹಚ್ಚಿ ಚಾಲಕನನ್ನು ಎಚ್ಚರಿಸುವುದು ಅದರ ಕೆಲಸ. ಗಾಜಿಗೆ ಅಂಟಿಸಿಕೊಳ್ಳುವ ಪುಟ್ಟ ಪೆಟ್ಟಿಗೆಯ ರೂಪದಲ್ಲೂ ಅದು ಸಿಗುತ್ತದೆ. ಕಾರಿನ ಮೈಯಲ್ಲೇ ಕಾಯಂ ಆಗಿ ಅಳವಡಿಸುವ, ಜೋಡಣೆಯ ಖರ್ಚೂ ಸೇರಿ ಎರಡು ಮೂರು ಸಾವಿರ ಡಾಲರ್ ಬೀಳುವ ವ್ಯವಸ್ಥೆಯ ರೂಪದಲ್ಲೂ ಸಿಗುತ್ತದೆ. ಈ ಎರಡನೆಯ ಬಗೆಯನ್ನು ಇಲ್ಲಿ ಪರಿಶೀಲಿಸೋಣ. ಇಷ್ಟು ಹಣಕ್ಕೆ ಕೊಂಡವನಿಗೆ ದೊರೆಯುವುದೇನು, ದೊರೆಯದೆ ಹೋಗುವುದೇನು? ಉತ್ತರ ಭೌತವಿಜ್ಞಾನದಲ್ಲೇ ಇದೆ.

ಬೇಟೆಗಾರನಿಗಿಂತ ಬೇಟೆಗೆ ಹೆಚ್ಚು ಅನುಕೂಲ

ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದ ಪರಿಣಾಮ ನಿಮಗೆ ಗೊತ್ತೇ ಇದೆ. ತರಂಗದ ಆಕರಕ್ಕೂ ಗ್ರಾಹಕಕ್ಕೂ ಸಾಪೇಕ್ಷ ಚಲನೆಯಿದ್ದರೆ ಗ್ರಾಹಕಕ್ಕೆ ತೋರುವ ಆವೃತ್ತಿ ಬದಲಾಗುತ್ತದೆ. ಪೊಲೀಸರ ರೇಡಾರ್ ಕಳಿಸಿದ ತರಂಗ ಓಡುತ್ತಿರುವ ಕಾರಿಗೆ ಬಡಿದು ಮರಳುವಾಗ ಈ ಬದಲಾವಣೆ ಎರಡು ಸಲ ಆಗುತ್ತದೆ. ಆದ್ದರಿಂದ ಆವೃತ್ತಿಯ ವ್ಯತ್ಯಾಸ = 2 × ಕಾರಿನ ವೇಗ × ಕಳಿಸಿದ ಆವೃತ್ತಿ ÷ ಬೆಳಕಿನ ವೇಗ. ಅಮೆರಿಕದ ಪೊಲೀಸರು ಬಳಸುವ ಆವೃತ್ತಿಗಳಲ್ಲಿ ಒಂದು 24.15 ಗಿಗಾಹರ್ಟ್ಸ್. ಗಂಟೆಗೆ 100 ಕಿ.ಮೀ. ವೇಗದ ಕಾರಿಗೆ ವ್ಯತ್ಯಾಸ ಎಷ್ಟಾಗುತ್ತದೆಂದು ನೀವೇ ಲೆಕ್ಕ ಹಾಕಿ ನೋಡಿ. ಸುಮಾರು 4,470 ಹರ್ಟ್ಸ್ ಬರುತ್ತದೆ. ಇಷ್ಟು ದೊಡ್ಡ ಆವೃತ್ತಿಯಲ್ಲಿ ಇಷ್ಟು ಸಣ್ಣ ವ್ಯತ್ಯಾಸವನ್ನು ಅಳೆಯುವುದು ಕಷ್ಟವಲ್ಲ. ಕಳಿಸಿದ ಮತ್ತು ಮರಳಿದ ತರಂಗಗಳನ್ನು ಬೆರೆಸಿದರೆ ಅವುಗಳ ನಡುವಿನ ವಿಸ್ಪಂದ ಕಿವಿಗೆ ಕೇಳಿಸುವ ವ್ಯಾಪ್ತಿಯಲ್ಲೇ ದೊರೆಯುತ್ತದೆ.

ಶೋಧಕಕ್ಕೆ ವೇಗದ ಗೊಡವೆ ಇಲ್ಲ. ಆ ತರಂಗ ಇದೆಯೇ ಇಲ್ಲವೇ ಎಂಬುದಷ್ಟೇ ಅದಕ್ಕೆ ಬೇಕು. ಇಲ್ಲಿ ನಿಸರ್ಗ ಅದಕ್ಕೆ ಒಂದು ಅನುಕೂಲ ಒದಗಿಸಿದೆ. ರೇಡಾರಿನಿಂದ ಕಾರಿಗೆ ಬರುವ ತರಂಗದ ತೀವ್ರತೆ ವಿಲೋಮ ವರ್ಗ ನಿಯಮದಂತೆ ಕುಗ್ಗುತ್ತದೆ. ಮರಳುವ ತರಂಗವೂ ಮತ್ತೆ ಅದೇ ನಿಯಮದಂತೆ ಕುಗ್ಗುವುದರಿಂದ ರೇಡಾರಿಗೆ ಸಿಗುವ ಪ್ರತಿಧ್ವನಿ ದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ದೂರ ಮೂರು ಪಟ್ಟಾದರೆ ಶೋಧಕಕ್ಕೆ ಸಿಗುವ ಸಂಕೇತ 9ರಲ್ಲಿ ಒಂದು ಪಾಲು. ಪೊಲೀಸರ ಉಪಕರಣಕ್ಕೆ ಸಿಗುವುದು 81ರಲ್ಲಿ ಒಂದು ಪಾಲು. ಹೀಗಾಗಿ ನೇರವಾದ, ಸಮತಟ್ಟಾದ ರಸ್ತೆಯಲ್ಲಿ ಪೊಲೀಸರು ಕಾರಿನ ವೇಗವನ್ನು ಅಳೆಯುವ ಮೊದಲೇ ಕಾರು ಪೊಲೀಸರನ್ನು ಪತ್ತೆ ಹಚ್ಚಬಹುದು. ಒಂದು ಕಿಲೋಮೀಟರ್ ಮುಂಚಿತವಾಗಿ ಎಚ್ಚರಿಕೆ ಸಿಕ್ಕರೆ, ಗಂಟೆಗೆ 120 ಕಿ.ಮೀ. ವೇಗದಲ್ಲಿರುವ ಚಾಲಕನಿಗೆ 30 ಸೆಕೆಂಡುಗಳ ಅವಕಾಶ ಸಿಕ್ಕಂತೆ.

ಈ ವ್ಯಾಪಾರ ಕುದುರಿದ್ದು 1970ರ ದಶಕದಲ್ಲಿ. ತೈಲದ ಬಿಕ್ಕಟ್ಟಿನಿಂದಾಗಿ 1974ರಲ್ಲಿ ಅಮೆರಿಕ ತನ್ನ ಹೆದ್ದಾರಿಗಳಿಗೆಲ್ಲ ಗಂಟೆಗೆ 55 ಮೈಲಿಯ, ಅಂದರೆ ಸುಮಾರು 88 ಕಿ.ಮೀ. ಮಿತಿಯನ್ನು ವಿಧಿಸಿತು. ವಿಶಾಲವಾದ ಖಾಲಿ ರಸ್ತೆಯಲ್ಲಿ ಅದನ್ನು ಪಾಲಿಸಲು ಅನೇಕರಿಗೆ ಮನಸ್ಸಾಗಲಿಲ್ಲ. ‘ಫಝ್‌ಬಸ್ಟರ್’ ಎಂಬ ಸರಳ ಶೋಧಕ ಮನೆಮಾತಾಯಿತು. 1978ರಲ್ಲಿ ಬಂದ ‘ಎಸ್ಕಾರ್ಟ್’ ಸೂಪರ್‌ಹೆಟರೊಡೈನ್ ತತ್ತ್ವವನ್ನು ಬಳಸಿತು. ನಮ್ಮ ರೇಡಿಯೋದಲ್ಲಿರುವಂತೆಯೇ ಸ್ಥಳೀಯ ಆಂದೋಲಕವೊಂದರ ಆವೃತ್ತಿಯೊಡನೆ ಒಳಬರುವ ಸಂಕೇತವನ್ನು ಬೆರೆಸಿ, ತಗ್ಗಿದ ಆವೃತ್ತಿಯಲ್ಲಿ ಅದನ್ನು ವರ್ಧಿಸುವ ವಿಧಾನ ಇದು. ಸೂಕ್ಷ್ಮತೆ ಒಮ್ಮೆಲೇ ಹೆಚ್ಚಿತು. ರಾಷ್ಟ್ರೀಯ ವೇಗಮಿತಿ 1995ರಲ್ಲಿ ರದ್ದಾದರೂ ಶೋಧಕಗಳ ಮಾರಾಟ ನಿಲ್ಲಲಿಲ್ಲ.

ಮೈಯಲ್ಲೇ ಅಳವಡಿಸುವುದೇಕೆ?

ದುಬಾರಿ ವ್ಯವಸ್ಥೆಯಲ್ಲಿ ಏನೇನಿರುತ್ತದೆ? ಕಾರಿನ ಮುಂಭಾಗದ ಜಾಲರಿಯ ಹಿಂದೆ ಒಂದು ಸೂಕ್ಷ್ಮತರಂಗ ಗ್ರಾಹಕ, ಹಲವು ಮಾದರಿಗಳಲ್ಲಿ ಹಿಂಭಾಗದಲ್ಲಿ ಇನ್ನೊಂದು. ಮುಂದೆ ಹಿಂದೆ ಲೇಸರ್ ಸಂವೇದಕಗಳು. ಸ್ಥಳ ಗುರುತಿಸಲು ಜಿಪಿಎಸ್. ಡ್ಯಾಶ್‌ಬೋರ್ಡಿನ ಒಳಗೆ ಅಡಗಿಸಿದ ಸಂಸ್ಕಾರಕ. ಚಾಲಕನ ಮುಂದೆ ಒಂದು ಪುಟ್ಟ ದೀಪ ಅಥವಾ ಪರದೆ ಮತ್ತು ಸ್ಪೀಕರ್.

ಇದರ ಗುಣಗಳನ್ನೂ ಒಪ್ಪಬೇಕು. ಗಾಜಿನ ಮೇಲೆ ಪೆಟ್ಟಿಗೆ, ಜೋತುಬಿದ್ದ ತಂತಿ ಇರುವುದಿಲ್ಲ. ಕಳ್ಳನ ಕಣ್ಣಿಗೆ ಬೀಳುವುದಿಲ್ಲ. ಬಿಸಿಲಿನ ಶಾಖ ತಡೆಯಲು ಕೆಲವು ಕಾರುಗಳ ಮುಂಗಾಜಿಗೆ ತೆಳುವಾದ ಲೋಹದ ಲೇಪ ಕೊಟ್ಟಿರುತ್ತಾರೆ. ಆ ಲೇಪ ಸೂಕ್ಷ್ಮತರಂಗಗಳನ್ನೂ ತಡೆಯುತ್ತದೆ. ಅಂತಹ ಕಾರಿನ ಒಳಗಿಟ್ಟ ಶೋಧಕ ಅರೆಗಿವುಡಾಗುತ್ತದೆ. ಹೊರಗಿಟ್ಟ ಗ್ರಾಹಕಕ್ಕೆ ಆ ತೊಂದರೆಯಿಲ್ಲ. ಮುಂದೊಂದು ಹಿಂದೊಂದು ಗ್ರಾಹಕವಿದ್ದರೆ ಸಂಕೇತ ಯಾವ ದಿಕ್ಕಿನದೆಂದು ತಿಳಿಯುವುದೂ ಸುಲಭ. ಇಷ್ಟು ನಿಜವಾದ ಲಾಭಗಳು.

ತಗ್ಗಿನಲ್ಲಿ ಕೂತವನಿಗೆ ದಿಗಂತ ಹತ್ತಿರ

ಈಗ ನಷ್ಟಗಳ ಕಡೆ ನೋಡಿ. ಜಾಲರಿಯ ಹಿಂದಿನ ಗ್ರಾಹಕ ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿರುತ್ತದೆ. ಗಾಜಿನ ಮೇಲಿನ ಪೆಟ್ಟಿಗೆ ಒಂದು ಮೀಟರಿಗೂ ಮೇಲಿರುತ್ತದೆ. ರಸ್ತೆ ಏರಿ ಇಳಿಯುವ ಕಡೆ ದಿಬ್ಬದ ಆಚೆಗಿನ ಸಂಕೇತ ಮೇಲಿದ್ದ ಗ್ರಾಹಕಕ್ಕೆ ಮೊದಲು ಸಿಗುತ್ತದೆ. ಮುಂದೊಂದು ಕಾರಿದ್ದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಸಾಮಾನ್ಯ ಗಾಜು ಸೂಕ್ಷ್ಮತರಂಗವನ್ನು ಬಹುಮಟ್ಟಿಗೆ ಹಾಯಗೊಡುತ್ತದೆ, ಉಕ್ಕು ತಡೆಯುತ್ತದೆ. ಮೇಲಿನ ಗ್ರಾಹಕ ಮುಂದಿನ ಕಾರಿನ ಕಿಟಕಿಗಳ ಮೂಲಕ ಆಚೆಗೆ ‘ನೋಡಬಲ್ಲದು’. ಕೆಳಗಿನದಕ್ಕೆ ಕಾಣುವುದು ಮುಂದಿನ ಕಾರಿನ ಡಿಕ್ಕಿ ಮಾತ್ರ!

ಎರಡನೆಯದು ನೀರು. 24 ಗಿಗಾಹರ್ಟ್ಸ್ ಆಸುಪಾಸಿನ ತರಂಗಗಳನ್ನು ನೀರು ಪ್ರಬಲವಾಗಿ ಹೀರಿಕೊಳ್ಳುತ್ತದೆ. ಒಂದು ಮಿಲಿಮೀಟರ್‌ಗಿಂತ ತೆಳುವಾದ ನೀರಿನ ಪದರ ದಾಟುವುದರೊಳಗೆ ಅವುಗಳ ಶಕ್ತಿ ಬಹಳವಾಗಿ ಕುಗ್ಗಿಬಿಡುತ್ತದೆ. ಮಳೆಗಾಲದ ಕೆಸರು, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಬೆರೆತ ರಾಡಿ, ಇವೆಲ್ಲ ಬಂದು ಮೆತ್ತುವುದು ಕಾರಿನ ಮುಖಕ್ಕೇ. ಲೇಸರ್ ಸಂವೇದಕದ ಕಿಟಕಿಗಂತೂ ಮಣ್ಣಿನ ತೆಳು ಪೊರೆಯೇ ಸಾಕು. ಉಪಕರಣ ಕೆಟ್ಟಿಲ್ಲ, ದೀಪ ಉರಿಯುತ್ತಲೇ ಇದೆ. ಆದರೆ ಕಿವಿ ಮುಚ್ಚಿದೆ. ಚಾಲಕನ ಸೀಟಿನಿಂದ ನೋಡಿದರೆ ಇದು ತಿಳಿಯುವುದಿಲ್ಲ. ಕೆಲಸ ಮಾಡದಿರುವಾಗಲೂ ಕೆಲಸ ಮಾಡುತ್ತಿರುವಂತೆ ತೋರುವುದು ಯಾವ ಎಚ್ಚರಿಕೆ ಸಾಧನದಲ್ಲೂ ದೊಡ್ಡ ದೋಷ.

ಮೂರನೆಯದಾಗಿ, ಕಾಯಂ ಜೋಡಣೆ ಎಂದರೆ ಕಾರಿಗೂ ಉಪಕರಣಕ್ಕೂ ಗಂಟು ಹಾಕಿದಂತೆ. ಕಾರು ಮಾರಿದರೆ ಅದನ್ನು ಬಿಚ್ಚಿಸಿ ಬೇರೆ ಕಾರಿಗೆ ಕೂರಿಸಲು ಮತ್ತೆ ಕೂಲಿ. ಸಣ್ಣ ಡಿಕ್ಕಿಯಾದರೂ ಮೊದಲು ಪೆಟ್ಟು ತಿನ್ನುವುದು ಗ್ರಾಹಕ ಇರುವ ಜಾಗವೇ. ಇಂದಿನ ಅನೇಕ ಕಾರುಗಳಲ್ಲಿ ಜಾಲರಿಯ ನಡುವಿನ ಜಾಗವನ್ನು ಕಾರಿನದೇ ರೇಡಾರ್ ಆಕ್ರಮಿಸಿರುತ್ತದೆ. ಮುಂದಿನ ವಾಹನದಿಂದ ಅಂತರ ಕಾಯ್ದುಕೊಳ್ಳುವ, ತುರ್ತಾಗಿ ಬ್ರೇಕ್ ಹಾಕುವ ವ್ಯವಸ್ಥೆಯ ಭಾಗ ಅದು. ಅದರ ಅಕ್ಕಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆಯನ್ನು ತುರುಕಬೇಕಾಗುತ್ತದೆ.

ಊರೆಲ್ಲ ಒಂದೇ ದನಿಯಲ್ಲಿ ಮಾತಾಡಿದರೆ

ಮೇಲಿನವು ಹೇಗೋ ಸುಧಾರಿಸಬಹುದಾದ ತೊಂದರೆಗಳು. ಮೂಲಭೂತವಾದದ್ದು ಬೇರೆ ಇದೆ. ಪೊಲೀಸ್ ರೇಡಾರಿಗೆ ಅಮೆರಿಕದಲ್ಲಿ ಮುಖ್ಯವಾಗಿ ಮೂರು ಪಟ್ಟಿಗಳಿವೆ. ಎಕ್ಸ್ ಪಟ್ಟಿ 10.525 ಗಿಗಾಹರ್ಟ್ಸ್ ಸುತ್ತ, ಕೆ ಪಟ್ಟಿ 24.15ರ ಸುತ್ತ, ಕೆಎ ಪಟ್ಟಿ 33.4ರಿಂದ 36.0 ಗಿಗಾಹರ್ಟ್ಸ್‌ವರೆಗೆ. ಈ ಆವೃತ್ತಿಗಳೇನೂ ಪೊಲೀಸರ ಸ್ವತ್ತಲ್ಲ. ಅಂಗಡಿಯ ಮುಂದೆ ನಿಂತರೆ ತಾನೇ ತೆರೆದುಕೊಳ್ಳುವ ಬಾಗಿಲುಗಳಲ್ಲಿ ಅನೇಕವು ಎಕ್ಸ್ ಅಥವಾ ಕೆ ಪಟ್ಟಿಯ ಚಲನ ಸಂವೇದಕಗಳನ್ನು ಬಳಸುತ್ತವೆ. ‘ನಿಮ್ಮ ವೇಗ ಇಷ್ಟು’ ಎಂದು ತೋರಿಸುವ ರಸ್ತೆಬದಿಯ ಫಲಕಗಳು, ವಾಹನ ಸಂಚಾರ ಎಣಿಸಲು ಕಂಬದ ಮೇಲೆ ಕೂರಿಸಿದ ಸಂವೇದಕಗಳು, ಇವೂ ಅದೇ ಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ.

ಇಷ್ಟೇ ಆಗಿದ್ದರೆ ಉಪಾಯವಿತ್ತು. ಬಾಗಿಲು ಇದ್ದಲ್ಲೇ ಇರುತ್ತದೆ. ಜಿಪಿಎಸ್ ನೆರವಿನಿಂದ ‘ಈ ಸ್ಥಳದಲ್ಲಿ ಈ ಆವೃತ್ತಿ ಬಂದರೆ ಸುಮ್ಮನಿರು’ ಎಂದು ಶೋಧಕಕ್ಕೆ ಕಲಿಸಬಹುದು. ದುಬಾರಿ ಮಾದರಿಗಳು ಇದನ್ನು ಮಾಡುತ್ತವೆ. ಆದರೆ ಕಳೆದ ಎರಡು ದಶಕಗಳಲ್ಲಿ ಕಾರುಗಳಿಗೇ ರೇಡಾರ್ ಬಂತು. ಪಕ್ಕದ ಸಾಲಿನಲ್ಲಿ, ಕನ್ನಡಿಗೆ ಕಾಣದ ಜಾಗದಲ್ಲಿ ವಾಹನವಿದ್ದರೆ ತಿಳಿಸುವ ಸಂವೇದಕಗಳನ್ನು ಹಿಂದಿನ ಬಂಪರಿನ ಮೂಲೆಗಳಲ್ಲಿ ಇಡುತ್ತಾರೆ. ಇವುಗಳಲ್ಲಿ ಬಹಳಷ್ಟು ದುಡಿಯುವುದು 24 ಗಿಗಾಹರ್ಟ್ಸ್ ಪಟ್ಟಿಯಲ್ಲೇ. ಪೊಲೀಸರ ಕೆ ಪಟ್ಟಿಗೆ 24.05ರಿಂದ 24.25ರವರೆಗೆ ಅವಕಾಶವಿದೆ. ಪಕ್ಕದ ಕಾರಿನ ಸಂವೇದಕವೂ ಅದೇ ವ್ಯಾಪ್ತಿಯಲ್ಲಿ ತೂಗುತ್ತದೆ. ಈ ಆಕರ ಒಂದೆಡೆ ನಿಲ್ಲುವುದಿಲ್ಲ, ನಿಮ್ಮ ಜೊತೆಜೊತೆಗೇ ಓಡುತ್ತದೆ. ಜಿಪಿಎಸ್ ನೆನಪಿಗೆ ಇಲ್ಲಿ ಕೆಲಸವಿಲ್ಲ.

ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇಂತಹ ವ್ಯವಸ್ಥೆಯನ್ನು ಹಾಕಿಸಿಕೊಂಡಿದ್ದರು. ಅವರ ಜೊತೆ ಕೆಲವು ದಿನ ಓಡಾಡುವಾಗ ಅದು ಕೂಗಿದಾಗಲೆಲ್ಲ ನಾನು ತಲೆಯೆತ್ತುತ್ತಿದ್ದೆ. ಅವರು ಎತ್ತುತ್ತಿರಲಿಲ್ಲ. “ಅದು ಔಷಧಿ ಅಂಗಡಿ ಬಾಗಿಲು, ಬಿಡಿ ಸರ್”, “ಅದು ಪಕ್ಕದ ಕಾರು ಸರ್” ಎನ್ನುತ್ತಿದ್ದರು. ಎರಡನೆಯ ತಿಂಗಳಲ್ಲೇ ಕಿರಿಕಿರಿ ತಾಳಲಾರದೆ ಕೆ ಪಟ್ಟಿಯನ್ನೇ ಆರಿಸಿಬಿಟ್ಟಿದ್ದರಂತೆ. ಆಮೇಲೆ ಆ ಪಟ್ಟಿಯ ಪೊಲೀಸ್ ರೇಡಾರಿಗೂ ಅದು ಕಿವುಡು! ದೂರು ಹೇಳಿದಾಗ ಮಾರಿದ ಕಂಪೆನಿಯಿಂದ ಬಂದ ಉತ್ತರ, “ನಮ್ಮ ಸಾಧನ ಸರಿಯಾಗಿಯೇ ಇದೆ, ಅಲ್ಲಿ ತರಂಗ ಇದ್ದದ್ದು ನಿಜ” ಎಂದು. ಉತ್ತರವೇನೂ ಸುಳ್ಳಲ್ಲ. ತೊಂದರೆ ಇರುವುದೂ ಅಲ್ಲೇ.

ಹೊಸ ಕಾರುಗಳ ರೇಡಾರ್ 76ರಿಂದ 81 ಗಿಗಾಹರ್ಟ್ಸ್ ಪಟ್ಟಿಗೆ ಸರಿಯುತ್ತಿದೆ. ಆದರೆ ಈಗಾಗಲೇ ರಸ್ತೆಯಲ್ಲಿರುವ ಹಳೆಯ ಕಾರುಗಳು ಇನ್ನೂ ಹಲವು ವರ್ಷ ಓಡುತ್ತವೆ. ಶೋಧಕ ತಯಾರಕರು ಸಂಕೇತದ ಆವೃತ್ತಿ ಹೇಗೆ ತೂಗುತ್ತದೆ ಎಂಬುದನ್ನು ನೋಡಿ ಕಾರಿನ ಸಂವೇದಕವನ್ನು ಬೇರ್ಪಡಿಸುವ ಶೋಧಕ ತಂತ್ರಾಂಶಗಳನ್ನು ಬರೆದಿದ್ದಾರೆ. ಪ್ರತಿ ಹೊಸ ಮಾದರಿಯ ಕಾರಿಗೂ ಅದನ್ನು ತಿದ್ದಬೇಕು. ಡ್ಯಾಶ್‌ಬೋರ್ಡಿನ ಒಳಗೆ ಹುದುಗಿದ ಹಳೆಯ ಸಂಸ್ಕಾರಕಕ್ಕೆ ಅಷ್ಟು ಸಾಮರ್ಥ್ಯ ಇಲ್ಲದಿದ್ದರೆ ಇಡೀ ವ್ಯವಸ್ಥೆಯನ್ನೇ ಬದಲಿಸಬೇಕು. ಕಾರಿನ ಆಯಸ್ಸಿಗಿಂತ ಎಲೆಕ್ಟ್ರಾನಿಕ್ಸಿನ ಆಯಸ್ಸು ಕಡಿಮೆ ಎಂಬುದನ್ನು ಕಾಯಂ ಜೋಡಣೆಯ ಪರಿಕಲ್ಪನೆ ಮರೆತಿದೆ.

ಇನ್ನೊಂದು ವಿಚಿತ್ರ ಕೇಳಿ. ಶೋಧಕದೊಳಗಿನ ಸ್ಥಳೀಯ ಆಂದೋಲಕವೂ ಒಂದು ಪುಟ್ಟ ಪ್ರೇಷಕವೇ. ಸರಿಯಾಗಿ ಕವಚ ಹಾಕದಿದ್ದರೆ ಅದರ ತರಂಗ ಹೊರಕ್ಕೆ ಸೋರುತ್ತದೆ. ಒಂದು ಶೋಧಕದ ಸೋರಿಕೆಗೆ ಮತ್ತೊಂದು ಶೋಧಕ ಕೂಗಿಕೊಳ್ಳುವುದುಂಟು. ಇದು ಇತರರಿಗೂ ತೊಂದರೆ ಕೊಟ್ಟಿತು. 11.7ರಿಂದ 12.2 ಗಿಗಾಹರ್ಟ್ಸ್ ಪಟ್ಟಿಯಲ್ಲಿನ ಸೋರಿಕೆಯಿಂದ ಪೆಟ್ರೋಲ್ ಬಂಕ್ ಮುಂತಾದೆಡೆ ಬಳಸುವ ಸಣ್ಣ ಉಪಗ್ರಹ ಸಂಪರ್ಕ ಘಟಕಗಳಿಗೆ ಅಡ್ಡಿಯಾಗುತ್ತಿದೆ ಎಂಬ ಕಾರಣಕ್ಕೆ ಅಮೆರಿಕದ ಫೆಡರಲ್ ಸಂಪರ್ಕ ಆಯೋಗ 2002ರಲ್ಲಿ ಸೋರಿಕೆಗೆ ಮಿತಿ ಹಾಕಿತು. ಇದೇ ಸೋರಿಕೆಯನ್ನು ಹಿಡಿದು ಶೋಧಕವಿರುವ ಕಾರನ್ನು ಪತ್ತೆ ಮಾಡುವ ಉಪಕರಣಗಳು ಪೊಲೀಸರ ಬಳಿ ಇವೆ. ಕೇಳುವ ಕಿವಿಯೇ ಪಿಸುಗುಟ್ಟಿ ಸಿಕ್ಕಿಬೀಳುವ ಪ್ರಸಂಗ ಇದು!

ಸುಳ್ಳು ಎಚ್ಚರಿಕೆಯ ಗಣಿತ

ಈ ತೊಂದರೆಯನ್ನು ಒಂದು ಊಹೆಯ ಲೆಕ್ಕದಿಂದ ನೋಡೋಣ. ಅಂಕಿಗಳು ವಿವರಣೆಗಾಗಿ ಮಾತ್ರ. ನಿಮ್ಮ ದಿನದ ದಾರಿಯಲ್ಲಿ ಬಾಗಿಲು, ಫಲಕ, ಪಕ್ಕದ ಕಾರು ಎಲ್ಲ ಸೇರಿ 50 ಸಲ ಪೊಲೀಸೇತರ ತರಂಗ ಎದುರಾಗುತ್ತದೆ ಎನ್ನಿ. ಪೊಲೀಸರ ರೇಡಾರ್ ಐದು ದಿನಕ್ಕೊಮ್ಮೆ ಎದುರಾಗುತ್ತದೆ ಎನ್ನಿ. ಶೋಧಕ ಒಂದನ್ನೂ ಬಿಡದೆ ಹಿಡಿಯುವಷ್ಟು ಸೂಕ್ಷ್ಮವಾಗಿದೆ. ಐದು ದಿನಗಳಲ್ಲಿ ಅದು 251 ಸಲ ಕೂಗುತ್ತದೆ. ಅದರಲ್ಲಿ ನಿಜವಾದದ್ದು ಒಂದು. ಅಂದರೆ ಅದು ಕೂಗಿದಾಗ ಮುಂದೆ ಪೊಲೀಸರಿರುವ ಸಂಭಾವ್ಯತೆ ಶೇಕಡ 0.4.

ಸೋಸುವ ತಂತ್ರಾಂಶ ಸುಳ್ಳುಗಳಲ್ಲಿ ಶೇಕಡ 90ನ್ನು ತೆಗೆದುಹಾಕಿತು ಎಂದುಕೊಳ್ಳಿ. ಉಳಿದವು 25 ಸುಳ್ಳು, ಒಂದು ನಿಜ. ಸಂಭಾವ್ಯತೆ ಸುಮಾರು ಶೇಕಡ 4. ಶೇಕಡ 98ನ್ನು ತೆಗೆದರೂ ಐದು ಸುಳ್ಳಿಗೆ ಒಂದು ನಿಜ. ಹಾಗೆಂದು ಜರಡಿಯನ್ನು ಇನ್ನೂ ಬಿಗಿ ಮಾಡಿದರೆ ಆ ಒಂದು ನಿಜವೂ ಕೆಲವೊಮ್ಮೆ ಜರಡಿಯಲ್ಲೇ ಉಳಿದುಹೋಗುತ್ತದೆ. ಈ ಎರಡೂ ಒಟ್ಟಿಗೆ ಬೇಕೆಂದರೆ ಸಿಗುವುದು ಕಷ್ಟ.

ಅಪರೂಪದ ಕಾಯಿಲೆಯನ್ನು ಊರಿಗೆಲ್ಲ ಪರೀಕ್ಷೆ ಮಾಡಿ ಹುಡುಕಿದಾಗಲೂ ಇದೇ ಆಗುತ್ತದೆ. ಹುಡುಕುವ ವಸ್ತು ವಿರಳವಾಗಿದ್ದು, ಅದರಂತೆಯೇ ತೋರುವ ವಸ್ತುಗಳು ಹೇರಳವಾಗಿದ್ದಾಗ ಸೂಕ್ಷ್ಮತೆ ಹೆಚ್ಚಿಸಿದರೆ ಮಾಹಿತಿ ಹೆಚ್ಚುವುದಿಲ್ಲ, ಗದ್ದಲ ಹೆಚ್ಚುತ್ತದೆ. ಜಾಹೀರಾತು ‘ಇಷ್ಟು ಮೈಲಿ ದೂರದಿಂದ ಪತ್ತೆ’ ಎಂದಷ್ಟೇ ಹೇಳಿ ‘ನೂರು ಕೂಗಿಗೆ ಎಷ್ಟು ನಿಜ’ ಎಂಬುದನ್ನು ಹೇಳದಿದ್ದರೆ ಅದು ಅರ್ಧ ಅಳತೆಯೇ ಸರಿ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆಯಲ್ಲಿ ಕುರಿ ಕಳೆದುಕೊಂಡವರು ಊರಿನವರು. ಇಲ್ಲಿ ಆ ಹುಡುಗನಿಗೆ ಸಾವಿರಾರು ಡಾಲರ್ ಸಂಬಳ ಬೇರೆ.

ಪೊಲೀಸರೂ ಸುಮ್ಮನಿಲ್ಲ. ರೇಡಾರನ್ನು ಸದಾ ಉರಿಸದೆ, ಬೇಕಾದ ಕಾರು ಹತ್ತಿರ ಬಂದಾಗ ಮಾತ್ರ ಒತ್ತಿ ಅಳೆಯುವುದು ಹಳೆಯ ಉಪಾಯ. ನಿಮಗಿಂತ ಮುಂದೆ ಹೋದ ಕಾರನ್ನು ಅಳೆದಾಗ ಚದುರಿದ ತರಂಗ ನಿಮಗೆ ಸಿಕ್ಕರೆ ಸಿಕ್ಕಿತು. ಮೊದಲ ಕಾರು ನಿಮ್ಮದೇ ಆದರೆ ಎಚ್ಚರಿಕೆಗೆ ಅವಕಾಶವೇ ಇಲ್ಲ. ಸುಮಾರು 67 ಮಿಲಿಸೆಕೆಂಡುಗಳ ಕಿರು ಸ್ಪಂದದಲ್ಲಿ ಅಳೆಯುವ ‘ಪಾಪ್’ ಎಂಬ ವಿಧಾನವೂ ಬಂತು. ಕೆಎ ಪಟ್ಟಿಯೊಂದೇ 2.6 ಗಿಗಾಹರ್ಟ್ಸ್ ಅಗಲವಿದೆ. ಅಷ್ಟನ್ನೂ ಅಷ್ಟು ಬೇಗ ಜಾಲಾಡಬೇಕಾದರೆ ಪ್ರತಿ ಆವೃತ್ತಿಯ ಮೇಲೂ ನಿಲ್ಲುವ ಕಾಲ ಕಡಿಮೆ ಮಾಡಬೇಕು, ಅಥವಾ ಒಮ್ಮೆಗೇ ಹೆಚ್ಚು ಅಗಲದ ಪಟ್ಟಿಯನ್ನು ಒಳಗೆ ಬಿಟ್ಟುಕೊಳ್ಳಬೇಕು. ಉಷ್ಣ ಗದ್ದಲದ ಸಾಮರ್ಥ್ಯ ಪಟ್ಟಿಯ ಅಗಲಕ್ಕೆ ಅನುಪಾತದಲ್ಲಿರುವುದರಿಂದ ಎರಡರಲ್ಲೂ ದುರ್ಬಲ ಸಂಕೇತ ಮುಳುಗಿಹೋಗುತ್ತದೆ. ಎಷ್ಟೇ ಹಣ ಕೊಟ್ಟರೂ ಈ ಮಿತಿಯನ್ನು ಪೂರ್ತಿ ದಾಟಲಾಗದು.

ಲೇಸರ್ ಬಂದ ಮೇಲೆ

ಪೊಲೀಸರ ಹೊಸ ಆಯುಧ ಲೇಸರ್, ಅಂದರೆ ಲೈಡಾರ್. ಇದು ಸುಮಾರು 905 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಬೆಳಕಿನ ಕಿರು ಸ್ಪಂದಗಳನ್ನು ಕಳಿಸಿ, ಅವು ಮರಳಲು ಹಿಡಿದ ಕಾಲದಿಂದ ದೂರವನ್ನೂ, ದೂರ ಬದಲಾಗುವ ದರದಿಂದ ವೇಗವನ್ನೂ ಕಂಡುಕೊಳ್ಳುತ್ತದೆ.

ಇಲ್ಲಿ ಮುಖ್ಯವಾದದ್ದು ದೂಲದ ಅಗಲ. 12 ಡಿಗ್ರಿ ಹರಡುವ ರೇಡಾರ್ ದೂಲ 300 ಮೀಟರ್ ದೂರದಲ್ಲಿ ಸುಮಾರು 63 ಮೀಟರ್ ಅಗಲವಾಗಿರುತ್ತದೆ. ಅದರ ಅಂಚು ಬಹಳ ದೂರದವರೆಗೂ ಚೆಲ್ಲುತ್ತದೆ, ಶೋಧಕಕ್ಕೆ ಸಿಕ್ಕುತ್ತದೆ. ಲೇಸರ್ ದೂಲ ಹರಡುವುದು ಸುಮಾರು 3 ಮಿಲಿರೇಡಿಯನ್ ಮಾತ್ರ. ಅದೇ ದೂರದಲ್ಲಿ ಅದರ ಅಗಲ ಒಂದು ಮೀಟರ್‌ಗಿಂತ ಕಡಿಮೆ. ಅಷ್ಟರಲ್ಲಿ ನಿಮ್ಮ ಕಾರಿನ ಮುಂಭಾಗವನ್ನು ಬಿಟ್ಟು ಬೇರೆಲ್ಲೂ ಬೆಳಕು ಬೀಳುವುದಿಲ್ಲ. ಅಂದರೆ ಶೋಧಕ ಲೇಸರನ್ನು ಕಂಡಿತೆಂದರೆ ಪೊಲೀಸರು ಆಗಲೇ ನಿಮ್ಮನ್ನು ಅಳೆಯುತ್ತಿದ್ದಾರೆ. ಅಳತೆ ಮುಗಿಯಲು ಸೆಕೆಂಡಿನ ಮೂರನೆಯ ಒಂದು ಭಾಗ ಸಾಕು. ಚಾಲಕ ಕೂಗು ಕೇಳಿ ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡ್ ಬೇಕು. ಮುಗಿದುಹೋದ ಘಟನೆಯ ಸುದ್ದಿಯನ್ನು ಎಚ್ಚರಿಕೆ ಎನ್ನಲು ಬರುವುದಿಲ್ಲ.

ಇದಕ್ಕಾಗಿಯೇ ದುಬಾರಿ ವ್ಯವಸ್ಥೆಗಳ ಜೊತೆಗೆ ಲೇಸರ್ ಅಳತೆಯನ್ನೇ ಕೆಡಿಸುವ ಪ್ರತಿಸ್ಪಂದ ಸಾಧನಗಳನ್ನೂ ಮಾರುತ್ತಾರೆ. ಇದು ಕೇಳಿಸಿಕೊಳ್ಳುವುದಲ್ಲ, ಅಡ್ಡಿಪಡಿಸುವುದು. ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಮುಂತಾದ ರಾಜ್ಯಗಳು ಇದನ್ನು ನಿಷೇಧಿಸಿವೆ. ಇನ್ನು ಎರಡು ಗುರುತುಗಳ ನಡುವಿನ ದೂರವನ್ನು ಕಾಲದಿಂದ ಭಾಗಿಸುವ ‘ವ್ಯಾಸ್ಕಾರ್’ ವಿಧಾನ, ನಂಬರ್ ಪ್ಲೇಟ್ ಓದುವ ಎರಡು ಕ್ಯಾಮೆರಾಗಳಿಂದ ಸರಾಸರಿ ವೇಗ ಹಿಡಿಯುವ ವಿಧಾನ, ಇವುಗಳಲ್ಲಿ ಕಾರಿನ ಕಡೆಗೆ ರೇಡಾರ್ ತರಂಗವನ್ನು ಕಳಿಸುವ ಅಗತ್ಯವೇ ಇಲ್ಲ. ಎಂಟನೆಯ ತರಗತಿಯ ‘ವೇಗ = ದೂರ ÷ ಕಾಲ’ ಎಂಬ ಸೂತ್ರದ ಮುಂದೆ ಮೂರು ಸಾವಿರ ಡಾಲರಿನ ಕಿವಿ ಕಿವುಡು.

ಗಡಿ ದಾಟಿದರೆ ಅಪರಾಧ

ಕಾಯಂ ಜೋಡಣೆಗೆ ಕಾನೂನಿನ ತೊಡಕೂ ಇದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಖಾಸಗಿ ಕಾರಿನಲ್ಲಿ ಶೋಧಕ ಇಟ್ಟುಕೊಳ್ಳಬಹುದು. ವರ್ಜೀನಿಯಾ ರಾಜ್ಯ ಮತ್ತು ವಾಷಿಂಗ್ಟನ್ ಡಿ.ಸಿ.ಯಲ್ಲಿ ನಿಷೇಧವಿದೆ. ಭಾರಿ ವಾಣಿಜ್ಯ ವಾಹನಗಳಿಗೆ 1994ರಿಂದ ದೇಶಾದ್ಯಂತ ನಿಷೇಧ. ಕೆನಡಾದ ಹೆಚ್ಚಿನ ಪ್ರಾಂತಗಳಲ್ಲೂ ನಿಷೇಧ. ಗಾಜಿನ ಮೇಲಿನ ಪೆಟ್ಟಿಗೆಯಾದರೆ ಗಡಿಯಲ್ಲಿ ತೆಗೆದು ತಂತಿ ಕಳಚಿ ಡಿಕ್ಕಿಗೆ ಹಾಕಬಹುದು. ವರ್ಜೀನಿಯಾದ ಕಾನೂನು ಶೋಧಕ ‘ಅಳವಡಿಸಿದ’ ವಾಹನ ಓಡಿಸುವುದನ್ನೇ ಅಪರಾಧವೆನ್ನುತ್ತದೆ. ವಿನಾಯಿತಿ ಬೇಕೆಂದರೆ ಅದಕ್ಕೆ ವಿದ್ಯುತ್ ಸಂಪರ್ಕ ಇರಬಾರದು, ಪ್ರಯಾಣಿಕರ ಕೈಗೆ ಸುಲಭವಾಗಿ ಸಿಗಲೂಬಾರದು. ಕಾರಿನ ನರಮಂಡಲಕ್ಕೇ ಹೆಣೆದ ಸಾಧನವನ್ನು ಗಡಿ ಬಂದಾಗಲೆಲ್ಲ ಬಿಡಿಸುವುದು ಹೇಗೆ? ಹಣ ಹೆಚ್ಚು ಕೊಟ್ಟಷ್ಟೂ ಕಟ್ಟು ಬಿಗಿಯಾಗುತ್ತದೆ.

ಈ ನಡುವೆ ಮೊಬೈಲ್ ಫೋನಿನಲ್ಲಿ ‘ವೇಝ್’ನಂತಹ ತಂತ್ರಾಂಶಗಳು ಬಂದವು. ಮುಂದೆ ಹೋದ ಚಾಲಕರು ಕಣ್ಣಾರೆ ಕಂಡದ್ದನ್ನು ಹಿಂದಿನವರಿಗೆ ತಿಳಿಸುವ ಉಚಿತ ಏರ್ಪಾಡು ಇದು. ಪೊಲೀಸರನ್ನು ಮಾತ್ರವಲ್ಲ, ಅಪಘಾತ, ಗುಂಡಿ, ಕೆಟ್ಟು ನಿಂತ ವಾಹನ ಇವನ್ನೂ ಅದು ತಿಳಿಸುತ್ತದೆ. ತರಂಗವನ್ನು ಗುರುತಿಸುವ ಯಂತ್ರಕ್ಕಿಂತ ಅರ್ಥವನ್ನು ಗುರುತಿಸುವ ಮನುಷ್ಯನ ಕಣ್ಣು ಇಲ್ಲಿ ಮೇಲಾಯಿತು.

ಅಪಾಯ ಯಾವುದು?

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಆಕ್ಷೇಪ. ಈ ಸಾಧನ ಎಂದೂ ತಪ್ಪದೆ ಕೆಲಸ ಮಾಡಿತೆಂದೇ ಇಟ್ಟುಕೊಳ್ಳಿ. ಅದು ಯಾವುದರಿಂದ ನಿಮ್ಮನ್ನು ಕಾಪಾಡಿತು? ದಂಡದಿಂದ. ವೇಗದಿಂದಲ್ಲ.

ಗಂಟೆಗೆ 100 ಮತ್ತು 130 ಕಿ.ಮೀ. ವೇಗದ ಎರಡು ಕಾರುಗಳು ಅಕ್ಕಪಕ್ಕ ಬರುತ್ತಿವೆ. ಎದುರಿಗೆ ಏನೋ ಅಡ್ಡ ಬಂತು. ಇಬ್ಬರೂ ಒಂದೇ ಕ್ಷಣ ಬ್ರೇಕ್ ಹಾಕಿದರು. ಒಣರಸ್ತೆಯಲ್ಲಿ ವೇಗ ಕುಗ್ಗುವ ದರ ಸೆಕೆಂಡಿಗೆ 7 ಮೀಟರ್/ಸೆಕೆಂಡ್ ಎಂದಿಟ್ಟುಕೊಳ್ಳಿ. ಮೊದಲ ಕಾರು ಸುಮಾರು 55 ಮೀಟರಿನಲ್ಲಿ ನಿಲ್ಲುತ್ತದೆ. ಎರಡನೆಯದಕ್ಕೆ 93 ಮೀಟರ್ ಬೇಕು. ಇನ್ನೂ ಒಂದು ಲೆಕ್ಕ ಮಾಡಿ. ಮೊದಲ ಕಾರು ನಿಂತುಹೋದ ಜಾಗದಲ್ಲಿ ಎರಡನೆಯ ಕಾರಿನ ವೇಗ ಎಷ್ಟು? ಗಂಟೆಗೆ ಸುಮಾರು 83 ಕಿ.ಮೀ.! ಚಲನ ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರ ಫಲ ಇದು. ಒಬ್ಬ ಚಾಲಕ ನಿಟ್ಟುಸಿರು ಬಿಡುವ ಜಾಗದಲ್ಲಿ ಇನ್ನೊಬ್ಬ ಸಾಯಬಹುದು, ಕೊಲ್ಲಬಹುದು. ರಸ್ತೆ ದಾಟುತ್ತಿರುವ ಮಗು ಸೂಕ್ಷ್ಮತರಂಗ ಹೊಮ್ಮಿಸುವುದಿಲ್ಲ. ಶೋಧಕಕ್ಕೆ ಅದು ಕಾಣುವುದಿಲ್ಲ. ಮೇಲಾಗಿ, ಕೂಗು ಕೇಳಿದೊಡನೆ ಥಟ್ಟನೆ ಬ್ರೇಕ್ ಒತ್ತುವ ಅಭ್ಯಾಸ ಹಿಂದೆ ಬರುವವರಿಗೂ ಗಂಡಾಂತರ.

ಇದು ದೂರದೇಶದ ಶ್ರೀಮಂತರ ಚಪಲ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲೂ ವೇಗಮಿತಿ ಇದೆ, 2023ರಿಂದ ಸ್ಪೀಡ್ ಗನ್ನುಗಳೂ ಕ್ಯಾಮೆರಾಗಳೂ ಬಂದಿವೆ. ಕ್ಯಾಮೆರಾ ಕಂಡಾಗ ಮಾತ್ರ ನಿಧಾನಿಸಿ ಆಮೇಲೆ ಮತ್ತೆ ಹಾರುವ ಚಾಲಕರನ್ನು ಅಲ್ಲಿ ಯಾರು ಬೇಕಾದರೂ ನೋಡಬಹುದು. ಅವರ ಬಳಿ ಶೋಧಕವಿಲ್ಲ ಅಷ್ಟೆ, ಮನೋಭಾವ ಅದೇ.

ಅಧ್ಯಾಪಕ ಮಿತ್ರರಿಗೆ ಒಂದು ಸಲಹೆ. ಡಾಪ್ಲರ್ ಪರಿಣಾಮವನ್ನು ಪಾಠ ಮಾಡುವಾಗ ರೈಲಿನ ಸಿಳ್ಳೆಯ ಉದಾಹರಣೆಗೇ ನಿಲ್ಲಿಸಬೇಡಿ. ಈ ಉಪಕರಣವನ್ನು ತೆಗೆದುಕೊಂಡು ಆವೃತ್ತಿಯ ವ್ಯತ್ಯಾಸ, ನಾಲ್ಕನೆಯ ಘಾತದ ನಿಯಮ, ದೂಲದ ಅಗಲ, ಸುಳ್ಳು ಎಚ್ಚರಿಕೆಯ ಸಂಭಾವ್ಯತೆ, ಬ್ರೇಕಿನ ದೂರ, ಈ ಐದು ಲೆಕ್ಕಗಳನ್ನು ಮಕ್ಕಳಿಂದ ಮಾಡಿಸಿ. ಎಲ್ಲವೂ ಅವರ ಪಠ್ಯದ ಮಟ್ಟದಲ್ಲೇ ಇವೆ. ಆಮೇಲೆ ‘ಇದನ್ನು ಕೊಳ್ಳುವಿರಾ?’ ಎಂದು ಕೇಳಿ. ಉತ್ತರಕ್ಕಿಂತ ಅದಕ್ಕೆ ಅವರು ಕೊಡುವ ಕಾರಣಗಳಿಗೆ ಅಂಕ ಕೊಡಿ. ಗಾಡಿಯ ಮುಂದೆ ಏನಿದೆಯೆಂದು ತಿಳಿಸುವ ನಂಬಲರ್ಹ ಸಾಧನ ಚಾಲಕನ ಗಮನ. ಅದಕ್ಕೆ ಬೇಕಾದ ಕಾಲಾವಕಾಶವನ್ನು ಒದಗಿಸುವುದು ಕಡಿಮೆ ವೇಗ. ಇವೆರಡನ್ನೂ ಜೋಡಿಸಿಕೊಳ್ಳಲು ಮೂರು ಸಾವಿರ ಡಾಲರ್ ಬೇಕಿಲ್ಲ.